ಯಜಮಾನಿ ಬಾಯಿಟ್ಟ ಕಡೆ

"ಗೇಟು ತೆಗೀಲಾ ಮಾವ? ಆಮೇಲೆ ಹಾಗಲ್ಲ ಹೀಗೆ ಅನ್ನಬಾರದು," ಎಂದು ಸೊಸೆ ಅಗುಳಿಯ ಮೇಲೆ ಕೈಯಿಟ್ಟಳು.

"ತೆಗಿಯಮ್ಮಾ, ತೆಗಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಮಾವ ಆಗಲೇ ಗೆದ್ದವರ ಹಾಗೆ ನಿಂತಿದ್ದರು.

ಗೇಟಿನಾಚೆ ಎರಡು ಪಟ್ಟೆ. ಎಡಕ್ಕೆ ಮಾವ ಬಿತ್ತಿದ ರೋಡ್ಸ್ ಹುಲ್ಲು, ಬಲಕ್ಕೆ ಸೊಸೆಯ ಕುದುರೆಮೆಂತ್ಯ, ನಡುವೆ ಒಂದು ಬದು. ಹಸುಗಳು ಯಾವುದನ್ನು ಮೊದಲು ಮೇಯುತ್ತವೋ ಅದನ್ನೇ ಇಡೀ ಹೊಲಕ್ಕೆ ಬಿತ್ತಬೇಕು ಎಂದು ಅತ್ತೆ ತೀರ್ಮಾನ ಮಾಡಿದ್ದರು. ಇಬ್ಬರ ಜಗಳ ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. "ಬರೀ ಹುಲ್ಲು ತಿಂದ್ರೆ ಹಾಲು ಎಲ್ಲಿಂದ ಬರುತ್ತೆ?" ಎಂದು ಇವಳು, "ಬರೀ ಕುದುರೆಮೆಂತ್ಯ ಮೇಯ್ದ್ರೆ ಹೊಟ್ಟೆ ಉಬ್ಬರಿಸಿ ಮಲಗ್ತವೆ" ಎಂದು ಅವರು. ಮದುವೆಯಾಗಿ ಬಂದಾಗಿನಿಂದ ಕೊಟ್ಟಿಗೆಯ ಕೆಲಸವೆಲ್ಲ ಅವಳದು, ಮಾತು ಮಾತ್ರ ಮಾವನದು. ಇವತ್ತು ಸೋತರೆ ಇನ್ನು ಬಾಯಿ ಬಿಡುವ ಹಾಗೇ ಇಲ್ಲ.

ಎಲ್ಲರೂ ಯಜಮಾನಿ ಎಂದೇ ಕರೆಯುವ ಕಂದು ಹಸು ಗತ್ತಿನಿಂದ ಮುಂದೆ ಬಂತು. ಅದು ಹೋದ ಕಡೆಗೇ ಉಳಿದವೂ ಹೋಗುವುದು. ಮಾವನ ಹುಲ್ಲನ್ನು ಮೂಸಿತು, ನಾಲಿಗೆ ಚಾಚಿ ನೆಕ್ಕಿತು, ನೆಕ್ಕುತ್ತಲೇ ಇತ್ತು.

"ಇದೇನ್ರೀ, ಹುಲ್ಲನ್ನ ನೆಕ್ತಾ ಇದೆ? ಉಪ್ಪುನೀರು ಚಿಮುಕಿಸಿದ್ರಾ?" ಅತ್ತೆ ಗದರಿದರು.

"ಒಂದೇ ಒಂದು ಚೊಂಬು ಕಣೇ..."

"ಅಯ್ಯೋ ಮಾವಾ!" ಸೊಸೆಗೆ ಸಿಟ್ಟೂ ಬಂತು, ನಗುವೂ ಬಂತು.

ಉಪ್ಪು ಮುಗಿದದ್ದೇ ಯಜಮಾನಿ ಹುಲ್ಲಿಗೆ ಬೆನ್ನು ತಿರುಗಿಸಿತು. ಕುದುರೆಮೆಂತ್ಯದ ಕಡೆಗೂ ನೋಡದೆ ಸೀದಾ ಬದು ಹತ್ತಿ ತಲೆ ತಗ್ಗಿಸಿತು. ಹಿಂದೆಯೇ ಮಂದೆಯೆಲ್ಲ ಬದುವಿಗೆ ಮುತ್ತಿಕೊಂಡು ಚರಚರ ಮೇಯತೊಡಗಿತು. ಬಿತ್ತನೆಯ ದಿನ ಅಲ್ಲೇ ನಿಂತು ಕೈ ಆಡಿಸಿ ಜಗಳವಾಡುವಾಗ ಇಬ್ಬರ ಬುಟ್ಟಿಯಿಂದಲೂ ಬೀಜ ಚೆಲ್ಲಿತ್ತು. ಹುಲ್ಲೂ ಕುದುರೆಮೆಂತ್ಯವೂ ಹೆಣೆದುಕೊಂಡು ಮೊಣಕಾಲೆತ್ತರ ಎದ್ದಿದ್ದವು.

"ನಿಮ್ಮಿಬ್ಬರ ಜಗಳ ಎಷ್ಟು ಸೊಂಪಾಗಿ ಬೆಳೆದಿದೆ, ನೋಡ್ಕೊಳ್ಳಿ!" ಎಂದರು ಅತ್ತೆ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರು. "ಯಾವ ಬೀಜ ಎಷ್ಟು ಬೆರೆಸೋಣ? ನೀನೇ ಹೇಳು ಮಗಳೇ."

ಈ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಹುಲ್ಲೇ ಹೆಚ್ಚಿರಲಿ ಮಾವ. ಹೊಟ್ಟೆ ಉಬ್ಬರಿಸಬಾರದಲ್ಲ."

ಕೊಟ್ಟಿಗೆಯ ಮುಂದೆ ಗೋಣಿ ಹಾಸಿ ಇಬ್ಬರೂ ಕೂತರು. ಅವಳು ಎರಡೂ ಬೀಜ ಸುರಿದಂತೆ ಅವರು ಕೈಯಾಡಿಸಿ ಕಲೆಸಿದರು. ಗಾಳಿ ಬೀಸಿದಾಗ ಹಗುರವಾದ ಹುಲ್ಲಿನ ಬೀಜ ಹಾರಿ ಇಬ್ಬರ ತಲೆಗೂ ಅಂಟಿಕೊಂಡಿತು.