ಗೋಡೆಯತ್ತಲೇ ನಡೆದ ನಾವಿಕ

ಆ ಮನುಷ್ಯನ ನಿಜವಾದ ಹೆಸರು ಚೈತಾಲಿಗೆ ಗೊತ್ತಿರಲಿಲ್ಲ. ಕರಾವಳಿಯಲ್ಲಿ ಗೇಮ್ ಆಡುವವರು ಮಾಡಿಕೊಂಡ ಗುಂಪಿನಲ್ಲಿ ಅವರು ‘ಬಂಗುಡೆ’ ಎಂದು ಮೀನಿನ ಹೆಸರಿಟ್ಟುಕೊಂಡಿದ್ದರು. ದನಿ ಕೇಳಿದರೆ ಐವತ್ತು ದಾಟಿದವರು ಎನಿಸುತ್ತಿತ್ತು. ಮೊದಲು ಕುವೈತಿನಲ್ಲಿ ಅಡುಗೆ ಕೆಲಸ, ಈಗ ಊರು, ಸಕ್ಕರೆ ಕಾಯಿಲೆಗೆ ದಿನಾ ಇನ್ಸುಲಿನ್. ಇಷ್ಟು ಅವಳಿಗೆ ನೆನಪಿತ್ತು. ಉಳಿದದ್ದನ್ನೂ ಅವರು ಹೇಳಿರಬೇಕು. ಆದರೆ ಅವರು ಊರಿನ ಮಾತು ತೆಗೆದರೆ ಚೈತಾಲಿ ಹೆಡ್‌ಫೋನಿನ ದನಿ ತಗ್ಗಿಸಿಬಿಡುತ್ತಿದ್ದಳು.

ಅವಳಿಗೆ ಇಪ್ಪತ್ತೈದು. ಕಾರ್ಕಳದ ಮೆಡಿಕಲ್ ಶಾಪ್ ಒಂದರಲ್ಲಿ ವಾರವಿಡೀ ನಿಂತು ದುಡಿದು ಭಾನುವಾರ ಕಂಪ್ಯೂಟರ್ ಮುಂದೆ ಕುಳಿತರೆ ಅವಳಿಗೆ ಬೇಕಾದದ್ದು ಓಟ, ಹೊಡೆದಾಟ. ಬಂಗುಡೆಯವರಿಗೆ ಬೇಕಾದದ್ದು ಕಥೆ. ಇಬ್ಬರು ಸೇರಿ ಆಡುವ ಆಟವದು. ನಡುಸಮುದ್ರದಲ್ಲಿ ಒಂದು ಖಾಲಿ ಹಡಗು. ಅದರಲ್ಲಿದ್ದವರೆಲ್ಲ ಏನಾದರೆಂದು ಇಬ್ಬರು ನಾವಿಕರು ಹುಡುಕಬೇಕು. ಅಲ್ಲಿ ಕಥೆಯನ್ನು ಯಾರೂ ಕುಳಿತು ಹೇಳುವುದಿಲ್ಲ. ಖಾನೆಯೊಳಗಿನ ಕಾಗದ, ಅರ್ಧ ಉಂಡ ತಟ್ಟೆ, ಒಳಗಿನಿಂದ ಚಿಲಕ ಹಾಕಿದ ಕೋಣೆ, ಇವನ್ನೆಲ್ಲ ನೋಡಿ ಆಡುವವರೇ ಜೋಡಿಸಿಕೊಳ್ಳಬೇಕು. ಬಂಗುಡೆಯವರು ಒಂದು ಕಾಗದವನ್ನೂ ಬಿಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದುತ್ತಿದ್ದರು.

“ಅಂಕಲ್, ಅದನ್ನು ಸ್ಕಿಪ್ ಮಾಡಿ. ಕೆಳಗೆ ಎಂತದೋ ಉಂಟು, ಹೋಗಿ ಹೊಡೆಯುವ.”

“ಯಾಕೆ ಹೊಡೆಯುವುದು ಅಂತ ಗೊತ್ತಾಗುವುದು ಬೇಡವಾ ಮಾರಾಯ್ತಿ? ಅದು ಯಾರದ್ದಾದರೂ ಮಗ ಆಗಿದ್ದರೆ?”

ಈ ಜಗಳ ಪ್ರತಿ ವಾರದ್ದು.

ಆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು ಹಡಗಿನ ಕ್ಯಾಪ್ಟನ್ನನ ಕೋಣೆ ತಲುಪಿದ್ದರು. ಹೆಂಡತಿ ನೆಂಟರ ಮನೆಗೆ ಹೋಗಿದ್ದಾಳೆ, ಕುಕ್ಕರಿನಲ್ಲಿ ಅನ್ನಕ್ಕಿಟ್ಟಿದ್ದೇನೆ ಎಂದು ಹೇಳಿ ಬಂಗುಡೆಯವರು ಮೇಜಿನ ಮೇಲಿನ ಕಾಗದ ಓದತೊಡಗಿದರು.

“ನೀರು ಮೂರನೇ ಕೋಣೆಗೂ ಬಂತು. ನಾನು ಬಾಗಿಲು ಹಾಕಿದೆ...” ಅಷ್ಟು ಓದಿ ನಿಂತರು. ಮತ್ತೆ ಶುರು ಮಾಡಿದಾಗ ನಾಲಿಗೆ ತೊದಲುತ್ತಿತ್ತು. “ಬಾಗಿಲಲ್ಲಿ ಅಮ್ಮ ನಿಂತಿದ್ದಾಳೆ. ಅಮ್ಮ ಒದ್ದೆ. ಒದ್ದೆ. ಒದ್ದೆ.”

ಚೈತಾಲಿ ಪರದೆಯ ಮೇಲಿನ ಕಾಗದವನ್ನು ನೋಡಿದಳು. ಅದರಲ್ಲಿ ಅಮ್ಮನ ಮಾತೇ ಇರಲಿಲ್ಲ.

“ಅಂಕಲ್, ಹೆದರಿಸಬೇಡಿ.”

ಅವರು ನಕ್ಕರು. ಅದು ಅವರ ನಗೆಯ ಹಾಗಿರಲಿಲ್ಲ. ಆಟದಲ್ಲಿ ಅವರ ನಾವಿಕ ಮೇಜು ಬಿಟ್ಟು ತಿರುಗಿ ನಡೆದ. ಗೋಡೆಗೆ ಮುಖ ತಾಗಿತು. ಆದರೂ ನಡೆಯುತ್ತಲೇ ಇದ್ದ. ನಿಂತಲ್ಲೇ ಅವನ ಬೂಟುಗಳು ಟಪಟಪ ಸದ್ದು ಮಾಡುತ್ತಿದ್ದವು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಭಾರವಾದದ್ದು ಏನೋ ಬಿದ್ದ ಸದ್ದು. ಅದರ ಹಿಂದೆಯೇ ಗೊರಗೊರ ಉಸಿರು. ದೂರದಲ್ಲಿ ಕುಕ್ಕರ್ ಸೀಟಿ ಹೊಡೆಯಿತು.

ಆಗ ಅವಳಿಗೆ ಹೊಳೆಯಿತು. ರಕ್ತದಲ್ಲಿ ಸಕ್ಕರೆ ಕುಸಿದವರು ಹೀಗೆ ತಡವರಿಸುವುದನ್ನು ಅಂಗಡಿಯಲ್ಲೇ ಕಂಡಿದ್ದಳು. ಇನ್ಸುಲಿನ್ ಚುಚ್ಚಿಕೊಂಡಿದ್ದಾರೆ, ಊಟ ಮಾಡಿಲ್ಲ.

“ಅಂಕಲ್! ಏಳಿ! ಸಕ್ಕರೆ ತಿನ್ನಿ!”

ಎರಡನೇ ಸೀಟಿ. ಮೂರನೆಯದು. ಆ ಮನೆಯ ಹೊರಗೆ ಮೀನಿನವನ ಬೈಕಿನ ಹಾರ್ನ್ ಕೇಳಿಸಿತು. ಗೇಟಿನ ಬಳಿ ಬೈಕು ನಿಂತಿತು. ಯಾರೋ ಎರಡು ಸಲ ಕೂಗಿ ಕರೆದರು. ಚೈತಾಲಿ ಗಂಟಲು ಹರಿಯುವಂತೆ ಕಿರುಚಿದಳು. ಆದರೆ ಅವಳ ದನಿ ಕೇಳುತ್ತಿದ್ದದ್ದು ನೆಲಕ್ಕೆ ಬಿದ್ದವರ ಕಿವಿಗೆ ಮಾತ್ರ. ಬೈಕು ಮುಂದಿನ ಮನೆಗೆ ಹೋಯಿತು.

ಅವಳು ಮೊಬೈಲಿನಲ್ಲಿ ಗುಂಪಿಗೆ ಬರೆದಳು: ‘ಬಂಗುಡೆ ಅಂಕಲ್ ಯಾರು? ಮನೆ ಎಲ್ಲಿ? ಜೀವಕ್ಕೆ ಅಪಾಯ ಉಂಟು.’ ನಲವತ್ತು ಜನರ ಗುಂಪಿನಿಂದ ಮೊದಲು ಕರೆ ಮಾಡಿದವನು ಶಿರ್ವದ ಡೆನ್ವರ್. ಅವನದು ಬರೀ ಬಂದೂಕಿನ ಆಟ.

“ಆ ಕಥೆ ಅಜ್ಜನಾ? ನಿಧಾನ ಅಂತ ನಾವೇ ಅವರನ್ನು ತಂಡದಿಂದ ತೆಗೆದದ್ದು. ಹೆಸರು ಗೊತ್ತಿಲ್ಲ. ನಿನ್ನ ಹತ್ತಿರ ಎಂತ ಹೇಳಿದ್ದಾರೆ? ನೆನಪು ಮಾಡು.”

ಚೈತಾಲಿ ಕಣ್ಣು ಮುಚ್ಚಿದಳು. ತಿಂಗಳುಗಟ್ಟಲೆ ತಾನು ಕೇಳದೆ ಬಿಟ್ಟ ಮಾತುಗಳು. ಹೊಳೆ ಬದಿ ಎಂದಿದ್ದರು. ಹೊಳೆ ಈ ಜಿಲ್ಲೆಯಲ್ಲಿ ಎಲ್ಲಿಲ್ಲ? ಅಪ್ಪನ ದೋಣಿ, ಮಾರಲಿಕ್ಕೆ ಮನಸ್ಸು ಬರಲಿಲ್ಲ... “ಕೋಳಿ!” ಎಂದಳು. “ಅಂಗಳದಲ್ಲಿ ಹಳೇ ದೋಣಿ ಉಂಟು, ಅದರಲ್ಲಿ ಕೋಳಿ ಸಾಕಿದ್ದಾರೆ. ನಾನು ನಗಾಡಿದ್ದೆ.”

“ನನ್ನ ಆಂಟಿ ಕೆಮ್ಮಣ್ಣು ಊರಿನಲ್ಲಿದ್ದಾರೆ, ಅದೂ ಹೊಳೆ ಬದಿಯೇ. ಅವರ ಹತ್ತಿರ ಕೇಳ್ತೇನೆ. ನೀನು ಅವರ ಹತ್ತಿರ ಮಾತಾಡ್ತಾ ಇರು.”

ಎರಡು ನಿಮಿಷದಲ್ಲಿ ಡೆನ್ವರ್ ಮತ್ತೆ ಕರೆ ಮಾಡಿದ. ಸಿಸಿಲಿಯಾ ಆಂಟಿಗೆ ಆ ದೋಣಿ ಗೊತ್ತಂತೆ, ಪಕ್ಕದೂರು ಹೂಡೆಯ ರೋನಿಯ ಮನೆಯಂತೆ, ಆಂಟಿ ತಮ್ಮ ಮಗ ಆಂಡ್ರ್ಯೂ ಜೊತೆ ಸ್ಕೂಟರಿನಲ್ಲಿ ಹೊರಟರಂತೆ.

“ರೋನಿ ಅಂಕಲ್,” ಎಂದಳು ಚೈತಾಲಿ. ಮೊದಲ ಸಲ ಆ ಹೆಸರು ಹಿಡಿದು ಕರೆದಳು. “ಜನ ಬರ್ತಿದ್ದಾರೆ. ಉಸಿರಾಡ್ತಾ ಇರಿ.”

ಕುಕ್ಕರಿನ ಸೀಟಿ ನಿಂತುಹೋಗಿತ್ತು. ನೀರು ಆರಿರಬೇಕು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಉಸಿರು. ಗೊರಗೊರ ಕಡಿಮೆಯಾಗಿ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಹೊತ್ತು ಉದ್ದವಾಗುತ್ತಿತ್ತು. ಪರದೆಯ ಮೇಲೆ ನಾವಿಕ ಇನ್ನೂ ಗೋಡೆಯತ್ತ ನಡೆಯುತ್ತಲೇ ಇದ್ದ. ಅವರ ಕೈಯಲ್ಲಿದ್ದ ಕಂಟ್ರೋಲರ್ ಮೈಯಡಿ ಸಿಕ್ಕಿ ಯಾವುದೋ ಗುಂಡಿ ಒತ್ತಿಕೊಂಡಿರಬೇಕು ಎಂದು ಗೊತ್ತಿದ್ದೂ ಅವಳಿಗೆ ಆ ಕಡೆ ನೋಡಲಾಗಲಿಲ್ಲ.

ಬಾಗಿಲು ಒಡೆದ ಸದ್ದು. ಹೆಂಗಸೊಬ್ಬರ ಚೀರಾಟ. ಕೊನೆಗೆ ಯಾರೋ ಹೆಡ್‌ಫೋನ್ ಎತ್ತಿಕೊಂಡರು.

“ಹಲೋ, ನಾನು ಆಂಡ್ರ್ಯೂ. ಎಂತ ಮಾಡ್ಬೇಕು? ಇವರಿಗೆ ಎಚ್ಚರ ಇಲ್ಲ.”

“ಬಾಯಿಗೆ ನೀರು ಹಾಕಬೇಡಿ. ಒಂದು ಬದಿಗೆ ಮಲಗಿಸಿ. ಜೇನು ಇದ್ದರೆ ಬೆರಳಲ್ಲಿ ಸ್ವಲ್ಪ ಒಸಡಿಗೆ ಉಜ್ಜಿ. ಗ್ಯಾಸ್ ಆಫ್ ಮಾಡಿ. ಆಂಬ್ಯುಲೆನ್ಸಿಗೆ ಫೋನ್ ಮಾಡಿ.”

ಆಮೇಲೆ ಸಂಪರ್ಕ ಕಡಿದುಹೋಯಿತು. ‘ನಿಮ್ಮ ಜೊತೆಗಾರ ಈಗ ಹಡಗಿನಲ್ಲಿಲ್ಲ’ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಚೈತಾಲಿ ಕುರ್ಚಿಯಿಂದ ಏಳಲಿಲ್ಲ. ಅಮ್ಮ ಊಟಕ್ಕೆ ಕರೆದರೂ ಹೋಗಲಿಲ್ಲ. ಮೂರು ಗಂಟೆಗೆ ಡೆನ್ವರ್ ಕರೆ ಬಂತು: ಉಡುಪಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಾರೆ.

ಮುಂದಿನ ಭಾನುವಾರ ಅವಳು ಬಸ್ಸು ಹತ್ತಿ ಹೂಡೆಗೆ ಹೋದಳು. ರೋನಿ ಅವಳು ಊಹಿಸಿದ್ದಕ್ಕಿಂತ ಸಣ್ಣ ಆಳು. ಹಣೆಗೆ ನಾಲ್ಕು ಹೊಲಿಗೆ ಬಿದ್ದಿತ್ತು. ಅವಳನ್ನು ಕಂಡು ಎದ್ದು ನಿಂತರು, ಅವಳಿಗೆ ಕುರ್ಚಿ ಎಳೆದು ಕೊಟ್ಟರು. ಅವರ ಹೆಂಡತಿ ಜೆಸ್ಸಿ ಚಹಾ ತಂದಿಟ್ಟು ಚೈತಾಲಿಯನ್ನೇ ನೋಡುತ್ತ ನಿಂತರು. ಆ ನೋಟದಲ್ಲಿ ಪ್ರೀತಿಯಷ್ಟೇ ಅಲ್ಲ, ಸಿಟ್ಟೂ ಇತ್ತು.

“ನಿನ್ನ ಜೊತೆ ಆಡ್ಲಿಕ್ಕೆ ಕೂತದ್ದಕ್ಕೆ ಇವರು ಹೊತ್ತಿಗೆ ಉಣ್ಣಲಿಲ್ಲ,” ಎಂದರು. “ನೀನು ಇಲ್ಲದಿದ್ದರೆ ನಾನು ಬರುವಾಗ ಹೆಣ ಇರ್ತಿತ್ತು. ನಿನಗೆ ಎಂತ ಹೇಳುವುದು ನಾನು?”

ಆಮೇಲೆ ಜೆಸ್ಸಿ ಕೈ ಚಾಚಿ, “ನಿನ್ನ ಫೋನ್ ಕೊಡು,” ಎಂದರು. ಕನ್ನಡಕ ಹಾಕಿಕೊಂಡು ತಮ್ಮ ನಂಬರನ್ನು, ಪಕ್ಕದ ಮನೆಯವರ ನಂಬರನ್ನು, ಮನೆಯ ಹೆಸರನ್ನು ನಿಧಾನವಾಗಿ ಒತ್ತಿದರು. ಸರಿಯಾಗಿ ಬಂತೋ ಎಂದು ಎರಡು ಸಲ ಓದಿ ನೋಡಿದರು.