ಸದ್ದು ಬಂದರೆ ಗಾಳಿ ಬಂದಂತಲ್ಲ

ಆ ಮನೆಯಾಕೆಯ ತಲೆನೋವಿಗೆ ಒಬ್ಬೊಬ್ಬರದು ಒಂದೊಂದು ಮದ್ದು. "ಚಹಾ ಕಡಿಮೆ ಮಾಡು" ಎಂದ ಗಂಡ. "ಕನ್ನಡಕ ಬದಲಾಯಿಸಮ್ಮ" ಎಂದಳು ಮಗಳು. "ವಯಸ್ಸಾಯ್ತಲ್ಲ, ಇನ್ನೇನು" ಎಂದಳು ಪಕ್ಕದ ಅಂಗಡಿಯಾಕೆ. ಚಹಾ ಬಿಟ್ಟಾಯಿತು, ಕನ್ನಡಕ ಬದಲಾಯಿಸಿದ್ದಾಯಿತು. ವಯಸ್ಸನ್ನು ಬದಲಾಯಿಸಿಕೊಡುವ ಅಂಗಡಿ ಮಾತ್ರ ಸಿಗಲಿಲ್ಲ.

ಗಂಡ ಬಡಗಿ. ಅವನು ಮಾಡಿದ ಮಂಚ, ಕಪಾಟುಗಳಿಗೆ ಹಿಂದಿನ ಕೋಣೆಯಲ್ಲಿ ಸ್ಪ್ರೇ ಗನ್ನಿನಿಂದ ಪಾಲಿಶ್ ಹೊಡೆಯುವುದು ಇವಳ ಕೆಲಸ. ಹದಿನಾಲ್ಕು ವರ್ಷ ಪಳಗಿದ ಕೈ. ಮಾಸ್ಕ್ ಇಲ್ಲದೆ ಗನ್ ಮುಟ್ಟಿದವಳಲ್ಲ. ಪಾಲಿಶಿನ ಆವಿಯನ್ನು ಗೋಡೆಯ ಜಾಲರಿಯಿಂದ ಎಳೆದು ಹೊರಗೆ ತಳ್ಳಲು ಫ್ಯಾನೂ ಇದೆ. ಆದರೂ ಎರಡು ತಿಂಗಳಿಂದ, ಒಳಗೆ ಹೋಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಹಣೆ ಸಿಡಿಯುತ್ತದೆ. ಕಳೆದ ವಾರವಂತೂ ತಲೆ ಸುತ್ತಿ, ಹಸಿ ಪಾಲಿಶಿನ ಬಾಗಿಲಿಗೇ ಕೈಯೂರಿದಳು. ಐದು ಬೆರಳೂ ಅಚ್ಚಾಗಿ ಕೂತವು.

"ರೀ, ಫ್ಯಾನಿನ ಮೋಟಾರು ಸುಟ್ಟು ರಿಪೇರಿ ಆಯ್ತಲ್ಲ, ಆವತ್ತಿಂದ ಹಿಂಗೆ," ಎಂದು ಅವಳು ಹೇಳಿದ್ದು ಎಷ್ಟನೇ ಸಲವೋ.

"ಫ್ಯಾನಿಗೇನು ಧಾಡಿ? ಬೀದಿ ಕೊನೇವರೆಗೂ ಸದ್ದು ಕೇಳುತ್ತೆ. ಜಾಲರಿಗೆ ಕಟ್ಟಿರೋ ರಿಬ್ಬನ್ ನೋಡು, ಹೆಂಗೆ ಕುಣೀತಿದೆ."

ಡಾಕ್ಟರ ಬಳಿಯೂ ಇದೇ ಕತೆ. "ಕೆಲಸದ ಜಾಗದಲ್ಲಿ ಗಾಳಿ ಚೆನ್ನಾಗಿ ಆಡುತ್ತಾ?" ಎಂದು ಅವರು ಕೇಳಿದ್ದು ಇವಳನ್ನು. "ಫಸ್ಟ್ ಕ್ಲಾಸ್" ಎಂದದ್ದು ಗಂಡ.

ಅಲ್ಲಿಂದ ಬರುತ್ತ ಅವನೇ ಒಂದು ಪರಿಹಾರ ಕಂಡುಹಿಡಿದ. "ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು. ಸೋಮವಾರದಿಂದ ಮಗಳು ಹೊಡೀಲಿ. ಇಪ್ಪತ್ತರ ಪ್ರಾಯ, ತಡ್ಕೊಳ್ತಾಳೆ."

ಅಲ್ಲಿಯವರೆಗೆ ಬರೀ ಬೇಸತ್ತಿದ್ದವಳು ಈಗ ಹೆದರಿದಳು. ತನ್ನನ್ನು ಕೆಡವಿದ ಕೋಣೆಗೆ ಮಗಳೇ? ಜಗಳವಾಡಲೂ ತ್ರಾಣವಿರಲಿಲ್ಲ. ನಾದಿನಿಗೆ ಫೋನ್ ಮಾಡಿದಳು.

ದೊಡ್ಡ ಕಟ್ಟಡಗಳಲ್ಲಿ ಗಾಳಿ ಸರಿಯಾಗಿ ಹರಿಯುತ್ತಿದೆಯೇ ಎಂದು ಅಳೆಯುವುದು ನಾದಿನಿಯ ಉದ್ಯೋಗ. ಭಾನುವಾರ ಬೆಳಿಗ್ಗೆಯೇ ಚೀಲ ಹೆಗಲಿಗೇರಿಸಿಕೊಂಡು ಬಂದಳು.

"ಬಂದ್ಯಾ ಗಾಳಿ ಡಾಕ್ಟ್ರೇ," ಎಂದ ಬಡಗಿ. "ಗಾಳೀನ ಮೊಳದಲ್ಲಿ ಅಳೀತೀಯೋ, ಸೇರಲ್ಲೋ?"

"ಎರಡರಲ್ಲೂ ಅಣ್ಣ. ಮೊದಲು ಮೊಳದಲ್ಲಿ ವೇಗ, ಆಮೇಲೆ ಸೇರಲ್ಲಿ ಗಾಳಿ."

ಅವಳು ಚೀಲದಿಂದ ತೆಗೆದದ್ದು ಅಂಗೈಯಗಲದ ಒಂದು ಚಕ್ರ. ಗಾಳಿಗೆ ಹಿಡಿದರೆ ಅದು ತಿರುಗಿ, ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತಿದೆ ಎಂದು ಅಂಕಿ ತೋರಿಸುತ್ತದೆ. ಬಡಗಿ ಅದನ್ನು ಕಸಿದುಕೊಂಡು ಜಾಲರಿಯ ನಟ್ಟನಡುವೆ ಹಿಡಿದ. ಸೊನ್ನೆ ಪಾಯಿಂಟ್ ಐದು.

"ಫ್ಯಾನ್ ಹಾಕಿಸಿದಾಗ ಚೀಟೀಲಿ ಬರೆದುಕೊಟ್ಟಿದ್ದೂ ಇದೇ ಅರ್ಧ ಮೀಟರ್. ಮುಗೀತಲ್ಲ ನಿನ್ನ ಡಾಕ್ಟರಿಕೆ?"

"ಅಣ್ಣ, ನೀನು ಬಾಗಿಲು ಮಾಡುವಾಗ ಚೌಕಟ್ಟನ್ನ ಒಂದೇ ಕಡೆ ಅಳೆದು ಮರ ಕೊಯ್ತೀಯಾ?"

"ಹುಚ್ಚಾ ನಂಗೆ? ಮೂರು ಕಡೆ ಅಳೀತೀನಿ. ಯಾವ ಗೋಡೇನೂ ನೆಟ್ಟಗಿರಲ್ಲ."

"ಗಾಳೀನೂ ನೆಟ್ಟಗಿರಲ್ಲ. ಚೀಟೀಲಿರೋದು ಇಡೀ ಜಾಲರಿಯ ಸರಾಸರಿ. ಕೊಡು ಇಲ್ಲಿ."

ಉದ್ದಗಲ ಒಂದೊಂದು ಮೀಟರಿನ ಜಾಲರಿಗೆ ದಾರ ಕಟ್ಟಿ ಒಂಬತ್ತು ಚೌಕದ ಮನೆ ಮಾಡಿದಳು. ಗಾಳಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಂತು, ಒಂದೊಂದು ಮನೆಯಲ್ಲೂ ಅರ್ಧ ನಿಮಿಷ ಚಕ್ರ ಹಿಡಿದು ಅಂಕಿ ಕೂಗಿದಳು. ಅತ್ತಿಗೆ ಬರೆದುಕೊಂಡಳು. ನಡುವಿನ ಮನೆಯಲ್ಲಿ ಮಾತ್ರ ಅರ್ಧ ಮೀಟರ್. ಮೂಲೆಗಳಲ್ಲಿ ಚಕ್ರ ತಿರುಗಲೋ ಬೇಡವೋ ಎನ್ನುತ್ತಿತ್ತು. ಒಂಬತ್ತನ್ನೂ ಕೂಡಿ ಒಂಬತ್ತರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ಎರಡು.

"ಇದನ್ನ ಜಾಲರಿಯ ಒಂದು ಚದರ ಮೀಟರಿಂದ ಗುಣಿಸು, ಘನ ಮೀಟರಿಗೆ ಸಾವಿರ ಲೀಟರ್. ಸೆಕೆಂಡಿಗೆ ಐನೂರು ಲೀಟರ್ ಗಾಳಿ ಹೊರಗೆ ಹೋಗ್ಬೇಕಿತ್ತು, ಹೋಗ್ತಿರೋದು ಇನ್ನೂರು. ಮಿಕ್ಕಿದ್ದೆಲ್ಲ ಅತ್ತಿಗೆ ಮೂಗಿನ ಮುಂದೇನೇ."

"ಮತ್ತೆ ರಿಬ್ಬನ್ನು?"

"ರಿಬ್ಬನ್ ಕುಣಿಯೋಕೆ ನೀನು ಉಫ್ ಅಂದ್ರೂ ಸಾಕು ಅಣ್ಣ."

ಫಿಲ್ಟರ್ ಹೊಸದು, ಕೊಳವೆಯಲ್ಲಿ ಕಸವಿಲ್ಲ. ಫ್ಯಾನ್ ಆರಿಸಿ ಹೊರಗೆ ಹೋಗಿ ನೋಡಿದರು. ಫ್ಯಾನಿನ ಗೂಡಿನ ಮೇಲೆ ಮಸಿ ಹಿಡಿದ ಒಂದು ಬಾಣದ ಗುರುತು, ಬಲಕ್ಕೆ. ನಿಲ್ಲುತ್ತ ಬಂದ ಮೋಟಾರಿನ ದಂಡ ತಿರುಗುತ್ತಿದ್ದದ್ದು ಎಡಕ್ಕೆ. ಅದು ಮೊದಲು ಕಣ್ಣಿಗೆ ಬಿದ್ದದ್ದು ಹೆಂಡತಿಗೆ.

"ರೀ, ಇದು ಉಲ್ಟಾ ತಿರುಗ್ತಿದೆ."

"ಉಲ್ಟಾ ತಿರುಗಿದ್ರೆ ಗಾಳಿ ಒಳಕ್ಕೆ ನುಗ್ಗಬೇಕಿತ್ತಲ್ಲ?" ಬಡಗಿ ಇನ್ನೂ ಬಿಟ್ಟುಕೊಡಲಿಲ್ಲ.

"ಗೋಡೆಗೆ ಹಾಕೋ ರೆಕ್ಕೆ ಫ್ಯಾನಾದ್ರೆ ಹೌದು," ಎಂದಳು ನಾದಿನಿ. "ಇದು ಗೂಡಿನೊಳಗೆ ಚಕ್ರ ಇರೋದು. ಉಲ್ಟಾ ತಿರುಗಿದ್ರೂ ಹೊರಕ್ಕೇ ತಳ್ಳುತ್ತೆ, ಒಲ್ಲದ ಮನಸ್ಸಿಂದ. ರಿಪೇರಿ ಮಾಡ್ದೋನು ವೈರು ಅದಲುಬದಲು ಮಾಡಿದಾನೆ. ಮಾಡಿದ ಮೇಲೆ ಯಾರೂ ಅಳೆದಿಲ್ಲ."

ಹೆಂಡತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಎರಡು ತಿಂಗಳು ಬಾಯಿ ಬಡ್ಕೊಂಡೆ. ನನ್ನ ಮಾತಿಗಿಲ್ಲದ ಬೆಲೆ ಈ ಆಟಿಕೆ ಚಕ್ರಕ್ಕೆ."

ಬಡಗಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ. ಮಧ್ಯಾಹ್ನ ಅವನು ಬಂದು ಎರಡು ವೈರು ಅದಲುಬದಲು ಮಾಡಿದ. ಸದ್ದು ತುಸು ಇಳಿಯಿತು, ಗಾಳಿ ಏರಿತು. ಈ ಸಲ ಒಂಬತ್ತು ಮನೆಗೂ ಚಕ್ರ ಹಿಡಿದವನು ಬಡಗಿಯೇ. ಮೂಲೆಗಳನ್ನು ಎರಡೆರಡು ಸಲ ಅಳೆದ. ಸರಾಸರಿ ಅರ್ಧ ಮೀಟರ್ ಬಂದರೂ ಅವನ ಮುಖ ಅರಳಲಿಲ್ಲ.

"ಮಗಳನ್ನ ಇದರೊಳಗೆ ಕಳಿಸ್ತಿದ್ದೆನಲ್ಲ," ಎಂದ. ಆಮೇಲೆ ಹೆಂಡತಿಗೆ, "ನೀನೂ ಒಂದು ವಾರ ಗನ್ ಮುಟ್ಟಬೇಡ. ಇದನ್ನೆಲ್ಲ ಡಾಕ್ಟರಿಗೆ ಹೇಳೋಣ."

ಓದುವ ಅಕ್ಕ ಅಣ್ಣಂದಿರೇ, ಪಾಲಿಶ್, ಬಣ್ಣ, ಅಂಟು, ಹೊಗೆ, ದೂಳು ಇರುವ ಕೋಣೆಯಲ್ಲಿ ನೀವು ದುಡಿಯುತ್ತೀರಾ? ಕಿವಿಯಿಂದ ಗಾಳಿ ಅಳೆಯಬೇಡಿ. ವರ್ಷಕ್ಕೊಮ್ಮೆ, ಮತ್ತು ಫ್ಯಾನು, ಮೋಟಾರು, ಕೊಳವೆ ಯಾವುದಕ್ಕೆ ಕೈ ಹಾಕಿದರೂ ಆ ದಿನವೇ, ತಿಳಿದವರನ್ನು ಕರೆಸಿ ಅಳೆಸಿ. ಸ್ಪ್ರೇ ನಿಲ್ಲಿಸಿ, ವಾಸನೆ ಹೋದ ಮೇಲೆ ಅಳೆಯಲಿ. ಒಂದೇ ಕಡೆಯಲ್ಲ, ಜಾಲರಿಯ ಉದ್ದಗಲಕ್ಕೂ ಅಳೆಯಲಿ. ವೈರು ನೀವೇ ಬಿಚ್ಚಲು ಹೋಗಬೇಡಿ. ಎಷ್ಟಿರಬೇಕು, ಎಷ್ಟಿದೆ, ಎರಡನ್ನೂ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಒಳಗೆ ಹೋಗುವವರು ಓದಿಕೊಂಡು ಹೋಗಲಿ. ಓದಿದ ಮೇಲೆ ನಿಮ್ಮ ಮಕ್ಕಳನ್ನು ಆ ಕೋಣೆಗೆ ಕಳಿಸಲು ಮನಸ್ಸು ಹಿಂಜರಿದರೆ, ನೀವೂ ಹೋಗಬೇಡಿ.