ಪರದೇಶದ ಬಾಯಲ್ಲಿ ಒಂದು ಹೆಸರು

ಪಂಚಶೀಲಾ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಲಾಲಪ್ಪ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡ. ಔಷಧದ ಪುಡಿ ತಿಂದ ಕೈಗಳು. ಉಗುರಿನ ಸುತ್ತ ಚರ್ಮ ಸುಲಿದು ಬೆಳ್ಳಗಾಗಿತ್ತು. ಎದುರು ಕೂತಿದ್ದ ಜರ್ಮನಿಯ ಹೆಂಗಸು ಅದನ್ನು ಗಮನಿಸಿ, ತನ್ನ ಮುಂದಿದ್ದ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಔಷಧ ತಯಾರಿಸುವ ಈ ಕಾರ್ಖಾನೆಯ ಮಾಲು ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬಂದವಳು ಅವಳು. ಕೆಲಸಗಾರರ ಜೊತೆ ನೇರವಾಗಿ ಮಾತಾಡಬೇಕು, ಕಾರ್ಖಾನೆಯವರು ಯಾರೂ ಒಳಗಿರಬಾರದು, ದುಭಾಷಿ ಕೂಡ ಹೊರಗಿನವರೇ ಆಗಬೇಕು ಎಂದು ಪಟ್ಟು ಹಿಡಿದಿದ್ದಳು.

ಹಾಗಾಗಿ ಮ್ಯಾನೇಜರ್ ಕಡೇಚೂರಿನ ಪಂಚಶೀಲಾಳ ಮನೆಗೇ ಹುಡುಕಿಕೊಂಡು ಬಂದಿದ್ದರು. ಅವಳು ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ಬಿ.ಎ. ಕೊನೆಯ ವರ್ಷದಲ್ಲಿದ್ದಳು, ರಜೆಗೆ ಬಂದಿದ್ದಳು. ಅದು ಎಂಥ ಓದು ಎಂದು ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅಪ್ಪ ಈಶಪ್ಪ ಮಾತ್ರ ಚಹದಂಗಡಿಯಲ್ಲಿ ಕೇಳಿದವರಿಗೆಲ್ಲ, "ದೇಶ ದೇಶ ಹೆಂಗ ಮಾತಾಡಬೇಕು ಅನ್ನೂದು ಕಲಸ್ತಾರ್ರಿ," ಎನ್ನುತ್ತಿದ್ದ.

"ಹಂಗಿದ್ರ ಮೊದಲ ನಮ್ಮೂರ ನಳದ ಕಟ್ಟಿ ಜಗಳ ಬಿಡಸಂತ ಹೇಳು," ಎಂದು ಲಾಲಪ್ಪ ನಗಾಡುತ್ತಿದ್ದ. ಅವಳು ಎದುರಾದಾಗಲೆಲ್ಲ, "ಇಂಟರ್‌ನ್ಯಾಷನಲ್ ಬಂತು, ದಾರಿ ಬಿಡ್ರಪಾ," ಎನ್ನುತ್ತಿದ್ದ. ಇವತ್ತು ಅನ್ನಲಿಲ್ಲ.

ಪ್ರಶ್ನೆ ಇಷ್ಟೇ: ಇಲ್ಲಿ ಕೆಲಸ ಮಾಡುವಾಗ ಯಾರಾದರೂ ಸತ್ತಿದ್ದಾರೆಯೇ?

ಸತ್ತವನು ಭೀಮು. ಹೋದ ಮಳೆಗಾಲದಲ್ಲಿ ಟ್ಯಾಂಕು ತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಹಗ್ಗ ಕಟ್ಟಿ ಎಳೆದು, ಹೆಗಲ ಮೇಲೆ ಗೇಟಿನವರೆಗೆ ಹೊತ್ತು ತಂದವನು ಇದೇ ಲಾಲಪ್ಪ. ಅಂಥ ಹೆಸರಿನವನು ನಮ್ಮಲ್ಲಿ ಇರಲೇ ಇಲ್ಲ ಎಂದರು ಕಾರ್ಖಾನೆಯವರು. ಅವನಿಗೆ ಮನೆಯಲ್ಲೇ ಎದೆನೋವು ಬಂದಿತ್ತು ಎಂದ ಗುತ್ತಿಗೆದಾರ.

ಬೆಳಿಗ್ಗೆ ಭೀಮುವಿನ ತಾಯಿ ಮರಿಲಿಂಗಮ್ಮ ಬಂದು ಪಂಚಶೀಲಾಳ ಜಡೆಯನ್ನು ತಾನೇ ಹೆಣೆದಿದ್ದಳು. "ಪರದೇಶದಾಕಿ ಮುಂದ ಕೂಡಾಕಿ, ಹಿಂಗ ಕೆದರಿದ ತಲಿ ಇಟಗೊಂಡು ಹೋಗ್ತಿಯೇನ?" ಎಂದು ಗದರಿದ್ದಳು. ಆಮೇಲೆ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಳ್ಳುತ್ತ, "ನನಗ ರೊಕ್ಕ ಬ್ಯಾಡ, ಏನೂ ಬ್ಯಾಡ. ಅವನ ಹೆಸರ ಒಮ್ಮೆ ಹೇಳಿ ಬಾ ಯವ್ವ. ಅಂವ ಇದ್ದ ಅನ್ನೂದು ಆಕಿ ಊರಾಗರ ಗೊತ್ತಾಗಲಿ," ಎಂದಳು.

"ಲಾಲಪ್ಪ ಕಾಕಾ ಕನ್ನಡದಾಗ ಹೇಳ್ತಾನ, ನಾ ಇಂಗ್ಲಿಷಿನ್ಯಾಗ ಹೇಳ್ತೀನಿ ದೊಡ್ಡವ್ವ. ಒಮ್ಮೆ ಬರಕೊಂಡ್ರ ಮುಗೀತು. ಆಮ್ಯಾಲ ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ." ಅದು ಅವಳು ತರಗತಿಯಲ್ಲಿ ಕಲಿತದ್ದು. ಕಾಲೇಜಿನ ಅಣಕು ವಿಶ್ವಸಂಸ್ಥೆ ಸಭೆಯಲ್ಲಿ ಗೆಳತಿಯ ಕೋಟು ತೊಟ್ಟು, ತಾನು ಎಂದೂ ನೋಡದ ದ್ವೀಪ ದೇಶವೊಂದರ ಪರವಾಗಿ, ಗಡಿ ದಾಟಿ ಹರಿಯುವ ವಿಷದ ಬಗ್ಗೆ ಮಾತಾಡಿದ್ದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು.

ಈಗ ಅವಳ ಕುರ್ಚಿಯನ್ನು ಕ್ಯಾಂಟೀನಿನ ಕಿಟಕಿಗೆ ಎದುರಾಗಿ ಹಾಕಿದ್ದರು. ಕಿಟಕಿಯಾಚೆ ಈಶಪ್ಪ ನೀರಿನ ಪೈಪು ಹಿಡಿದು ನಿಂತಿದ್ದ. ಇಷ್ಟು ವರ್ಷ ಪುಡಿ ತುಂಬುವ ಕೋಣೆಯಲ್ಲಿದ್ದವನನ್ನು ಇವತ್ತು ಹೂವಿನ ಗಿಡಗಳಿಗೆ ನೀರು ಹಾಕಲು ಹಚ್ಚಿದ್ದರು. "ನಿಮ್ಮ ತಂದೆಗೆ ಕೆಮ್ಮು ಜಾಸ್ತಿ ಆಗಿದೆ, ಪಾಪ. ಹೊರಗಿನ ಕೆಲಸ ಕೊಟ್ಟಿದ್ದೇವಮ್ಮ. ಚೆನ್ನಾಗಿ ಮಾಡಿದರೆ ಅಲ್ಲೇ ಇಟ್ಟುಕೊಳ್ಳೋಣ," ಎಂದು ಮ್ಯಾನೇಜರ್ ಬಾಗಿಲಲ್ಲಿ ನಗುತ್ತ ಹೇಳಿದ್ದರು. ಯಾರು ಚೆನ್ನಾಗಿ ಮಾಡಿದರೆ ಎಂದು ಹೇಳಿರಲಿಲ್ಲ.

ಲಾಲಪ್ಪ ನೀರು ಕುಡಿದ. ಕಿಟಕಿಯ ಕಡೆ ಒಮ್ಮೆ ನೋಡಿದ.

"ಹೇಳಾಕಂತನ ಬಂದಿದ್ದೆ ತಂಗಿ," ಎಂದ. "ಆದ್ರ ನಾ ಹೇಳಿದ್ದು ನಿನ್ನ ಬಾಯಿಂದ ಹೊರಗ ಬರಬೇಕಲ್ಲ. ನಿಮ್ಮಪ್ಪನ್ನ ಅಲ್ಲಿ ಯಾಕ ನಿಲ್ಲಿಸ್ಯಾರ ಅಂತ ನನಗೂ ತಿಳೀತದ. ಈ ಕೆಲಸ ಹೋದ್ರ, ಆ ಎದಿ ನೋಡಿ ಅಂವಗ ಮತ್ಯಾರು ಕೆಲಸ ಕೊಡ್ತಾರ? ಯಾರೂ ಸತ್ತಿಲ್ಲ ಅಂತಾನ, ಅಂದುಬಿಡು."

"ಕಾಕಾ, ದೊಡ್ಡವ್ವಗ ಮಾತು ಕೊಟ್ಟೀನಿ."

"ಗೊತ್ತದ. ಅದಕ್ಕ ಹೇಳಾಕತ್ತೀನಿ. ಸುಳ್ಳು ನಂದಿರಲಿ, ನಿಂದು ಬ್ಯಾಡ."

ಹೆಂಗಸು ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. "ಬಹಳ ಮಾತಾಡಿದರಲ್ಲ, ಏನು ಹೇಳುತ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದಳು.

ಹೊರಗೆ ಈಶಪ್ಪನಿಗೆ ಕೆಮ್ಮು ಬಂತು. ಗೋಡೆಗೆ ಒಂದು ಕೈ ಆನಿಸಿ ಬಾಗಿದ. ಇನ್ನೊಂದು ಕೈಯಲ್ಲಿದ್ದ ಪೈಪಿನ ನೀರು ಅವನ ಕಾಲ ಮೇಲೆಯೇ ಹರಿಯುತ್ತಿತ್ತು.

"ಯಾರೂ ಸತ್ತಿಲ್ಲ ಎನ್ನುತ್ತಿದ್ದಾರೆ," ಎಂದಳು ಪಂಚಶೀಲಾ.

ಪೆನ್ನು ಒಂದು ಸಣ್ಣ ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಯಿತು. ಎಲ್ಲ ಮುಗಿದ ಮೇಲೆ ಹೆಂಗಸು ಅವಳ ಓದಿನ ಬಗ್ಗೆ ವಿಚಾರಿಸಿದಳು. ಕೇಳಿ ನಿಜವಾಗಿಯೂ ಸಂತೋಷಪಟ್ಟಳು. ಇಂಥ ಕೆಲಸಕ್ಕೆ ನಿನ್ನಂಥವರೇ ಬರಬೇಕು ಎಂದು ಎರಡೂ ಕೈಗಳಿಂದ ಅವಳ ಕೈ ಹಿಡಿದಳು. ಆ ಕೈಗಳು ಬೆಚ್ಚಗಿದ್ದವು.

ಸಂಜೆ ಮರಿಲಿಂಗಮ್ಮ ಹಳ್ಳದ ಸೇತುವೆಯ ಕಟ್ಟೆ ಮೇಲೆ ಕೂತು ಕಾಯುತ್ತಿದ್ದಳು. ಮಡಿಲಲ್ಲಿ ಕುದಿಸಿದ ಶೇಂಗಾ ಇದ್ದವು. ಆರಬಾರದೆಂದು ಸೆರಗಿನಿಂದ ಮುಚ್ಚಿಕೊಂಡಿದ್ದಳು. "ಹಸದಿರ್ತಿ. ಮೊದಲ ತಿನ್ನು," ಎಂದು ಬೊಗಸೆ ತುಂಬ ಕೊಟ್ಟಳು. ಪಂಚಶೀಲಾ ಒಂದು ಕಾಯಿ ಸುಲಿದಳು. ತಿನ್ನಲಿಲ್ಲ.

"ಹೇಳಿದೇನ ಯವ್ವ?"

"ಹೇಳಿದೆ ದೊಡ್ಡವ್ವ."

"ಬರಕೊಂಡ್ಳೇನ?"

"ಬರಕೊಂಡ್ರು."

ಮರಿಲಿಂಗಮ್ಮ ಉಳಿದ ಶೇಂಗಾವನ್ನೂ ಅವಳ ಮಡಿಲಿಗೆ ಸುರಿದಳು. ಆಮೇಲೆ, ಕೇಳಬಾರದ್ದನ್ನು ಕೇಳುವವಳಂತೆ, "ಆಕಿ ಬಾಯಾಗ ಅವನ ಹೆಸರ ಹೆಂಗ ಬಂತು?" ಎಂದಳು.

ಈ ಪ್ರಶ್ನೆಗೆ ಪಂಚಶೀಲಾ ಸಿದ್ಧಳಾಗಿರಲಿಲ್ಲ. ಬೆಳಿಗ್ಗೆ ಆ ಹೆಂಗಸಿನ ಬಾಯಲ್ಲಿ ತನ್ನದೇ ಹೆಸರು ಹೇಗೆ ಎಳೆದು ಎಳೆದು ಬಂದಿತ್ತೆಂದು ನೆನಪಿಸಿಕೊಂಡಳು.

"ಬೀ... ಮೂ," ಎಂದಳು. "ಹಂಗ ಅಂದ್ರು."

"ಬೀ... ಮೂ." ಮರಿಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎದ್ದು ಮಡಿಲು ಕೊಡವಿ ಊರಿನ ದಾರಿ ಹಿಡಿದಳು. ನಾಲ್ಕು ಹೆಜ್ಜೆ ನಡೆದು, ಹೊಲಗಳ ಕಡೆ ತಿರುಗಿ, ಇನ್ನೊಮ್ಮೆ ಹಾಗೆಯೇ ಎಳೆದು, ಸ್ವಲ್ಪ ಗಟ್ಟಿಯಾಗಿ ಅಂದಳು. ಅಂದು, ಒಂದು ಗಳಿಗೆ ನಿಂತಳು.

ಪಂಚಶೀಲಾ ಶೇಂಗಾ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳ ಹಿಂದೆ ನಡೆದಳು.